ಬೇಗ ಹುಟ್ಟೋ ಕೂಸುಗಳ ಬಗ್ಗೆ ಇನ್ನಷ್ಟು ಬರೀರಿ

ಸಂಪಾದಕರಿಗೆ ನಮಸ್ಕಾರ,

ನವೆಂಬರ್ 17 ವಿಶ್ವ ಅವಧಿಪೂರ್ವ ಜನನ ದಿನ, ನಮ್ಮನೇಲಿ ಅದು ಬರೀ ಒಂದು ತಾರೀಖಲ್ಲ. ನಮ್ಮ ಮಗಳು 29ನೇ ವಾರಕ್ಕೇ ಹುಟ್ಟಿದ್ಲು, ತೂಕ 1,100 ಗ್ರಾಂ, ಉಸಿರಾಡೋಕೆ ಮೆಷಿನ್ನು, ಹಾಲು ಟ್ಯೂಬಲ್ಲಿ, ನಾನು ಇನ್‌ಕ್ಯುಬೇಟರ್ ಪಕ್ಕ ನಿಂತು ಮಾನಿಟರ್ ನೋಡ್ತಾ ನೋಡ್ತಾ ಹಗಲ್ಯಾವುದು ರಾತ್ರಿ ಯಾವುದು ಅಂತಾನೇ ಮರ್ತೋಗಿದ್ದೆ. ಹೆಂಡ್ತಿ ಡಿಸ್ಚಾರ್ಜ್ ಆಗಿ ಬರಿಗೈಲಿ ಮನೆಗೆ ಬಂದ ಆ ಸಂಜೆ ಬಗ್ಗೆ ಮಾತಾಡೋಕೆ ನಮ್ಮಿಬ್ರಿಗೂ ಇನ್ನೂ ಆಗಲ್ಲ.

ಆಮೇಲೊಂದಿನ ನರ್ಸ್ ಒಬ್ರು ಕೂಸನ್ನ ನನ್ನ ಬರೀ ಎದೆ ಮೇಲೆ ಮಲಗಿಸಿದ್ರು. ಕಾಂಗರೂ ಆರೈಕೆ ಅಂತಾರೆ, 1970ರ ದಶಕದ ಕೊನೇಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರುಗಳು ಶುರು ಮಾಡಿದ್ದಂತೆ. ಮೈಯ ಬಿಸಿಗೆ ಅವಳ ಉಸಿರು ನಿಧಾನ ಒಂದು ಹದಕ್ಕೆ ಬಂತು, ನಾನು ಅತ್ತುಬಿಟ್ಟೆ. ಅಪ್ಪನೂ ಇದನ್ನ ಮಾಡಬಹುದು ಅಂತ ಎಷ್ಟೋ ಮನೇಲಿ ಗೊತ್ತೇ ಇಲ್ಲ!

ಈಗವಳಿಗೆ ನಾಲ್ಕು ವರ್ಷ. ಅವತ್ತಿಂದ ಒಂದು ಸೇವಾ ಗುಂಪಿನ ಜೊತೆ ಇದೀವಿ, ಪುಟಾಣಿ ಟೋಪಿ ಹೆಣೆದು ಕೊಡ್ತೀವಿ, ಎದೆಹಾಲು ದಾನ ಮಾಡೋಕೆ ಮನಸ್ಸಿರೋ ತಾಯಂದಿರನ್ನ ಹಾಲಿನ ಬ್ಯಾಂಕಿಗೆ ಪರಿಚಯ ಮಾಡಿಸ್ತೀವಿ, ಆದ್ರೆ ಜಾಸ್ತಿ ಬೇಕಾಗೋದು ಐಸಿಯು ಹೊರಗೆ ಒಬ್ರೇ ಕೂತಿರೋ ಅಪ್ಪ ಅಮ್ಮನ ಪಕ್ಕ ಸುಮ್ನೆ ಕೂತ್ಕೊಳ್ಳೋರು. 2020ರಲ್ಲಿ ಜಗತ್ತಲ್ಲಿ ಅಂದಾಜು 1.34 ಕೋಟಿ ಮಕ್ಕಳು 37 ವಾರ ತುಂಬೋಕೆ ಮುಂಚೆ ಹುಟ್ಟಿದ್ವು, ಅಂದ್ರೆ ಅಷ್ಟು ಮನೆಗಳು ಹೀಗೇ ಕಾದಿವೆ. ಹಾಲಿನ ದಾನ, ಕಾಂಗರೂ ಆರೈಕೆ ಬಗ್ಗೆ ವರ್ಷಕ್ಕೊಂದಿನ ಅಲ್ಲ, ಆಗಾಗ ಬರೀರಿ ದಯವಿಟ್ಟು.

ಒಬ್ಬ ಅಪ್ಪ