ಫ್ಯಾಕ್ಟರೀಲಿ ನಾವ್ಯಾರೂ ವಾರಕ್ಕೆ 70 ಗಂಟೆ ದುಡೀಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರದಲ್ಲಿ ನನ್ನ ವಯಸ್ಸಿನವರೇ ಒಬ್ರು ಬರೆದಿದ್ರು, ಈಗಿನ ಹುಡುಗ್ರಿಗೆ ಮೈ ಬಗ್ಗಲ್ಲ, ನಮ್ಮ ಕಾಲದಲ್ಲಿ ಗಡಿಯಾರ ನೋಡದೆ ದುಡೀತಿದ್ವಿ ಅಂತ. ಓದಿ ನಗು ಬಂತು. ನಾನು 1979ರಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಫ್ಯಾಕ್ಟರಿಗೆ ಸೇರಿದೋಳು, ಸಣ್ಣ ಸಣ್ಣ ಪಾರ್ಟುಗಳನ್ನ ಬಿಸಿ ಐರನ್ನಲ್ಲಿ ಬೋರ್ಡಿಗೆ ಸೋಲ್ಡರ್ ಮಾಡೋ, ಅಂದ್ರೆ ಬೆಸೆಯೋ ಕೆಲ್ಸ, ಮೂವತ್ತೇಳು ವರ್ಷ ಅದೇ ಗೇಟಲ್ಲಿ ಒಳಗೆ ಹೋಗಿ ಅದೇ ಗೇಟಲ್ಲಿ ಆಚೆ ಬಂದಿದೀನಿ. ಗಡಿಯಾರ ನೋಡದೆ ಅಂತೆ! ಸ್ವಾಮಿ, ನಾವು ನೋಡ್ತಿದ್ದಿದ್ದೇ ಗಡಿಯಾರನ.

ಜನರಲ್ ಶಿಫ್ಟು ಬೆಳಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂಕಾಲು, ಮಧ್ಯೆ ಮುಕ್ಕಾಲು ಗಂಟೆ ಊಟ, ವಾರಕ್ಕೆ ಆರು ದಿನ. ಲೆಕ್ಕ ಹಾಕಿ, 48 ಗಂಟೆ. ಅದಕ್ಕಿಂತ ಒಂದು ಗಂಟೆ ಜಾಸ್ತಿ ನಿಲ್ಲಿಸ್ಕೊಂಡ್ರೆ ಡಬಲ್ ಸಂಬಳ, ಅದು 1948ರ ಫ್ಯಾಕ್ಟರಿ ಕಾಯ್ದೇಲೇ ಬರೆದಿತ್ತು, ಯಾರೋ ಮ್ಯಾನೇಜರ್ ದಯೆ ತೋರಿಸಿ ಕೊಟ್ಟಿದ್ದಲ್ಲ. ಸೈರನ್ ಕೂಗ್ತು ಅಂದ್ರೆ ಐರನ್ ಕೆಳಗಿಡು ಅಷ್ಟೇ. ಸೇರಿದ ಹೊಸದ್ರಲ್ಲಿ ಒಂದಿನ ಕೈಯಲ್ಲಿದ್ದ ಬೋರ್ಡು ಮುಗಿಸಿಬಿಡೋಣ ಅಂತ ಸೈರನ್ ಆದ್ಮೇಲೂ ಕೂತಿದ್ದೆ, ಯೂನಿಯನ್ ಲೀಡರ್ ಒಬ್ರು ಬಂದು ಪಕ್ಕದಲ್ಲಿ ನಿಂತ್ಕೊಂಡು "ಏನಮ್ಮಾ, ಮನೆ ಇಲ್ವಾ ನಿಂಗೆ? ನೀನು ಇವತ್ತು ಬಿಟ್ಟಿ ಹತ್ತು ನಿಮಿಷ ಕೂತ್ರೆ ನಾಳೆ ಎಲ್ಲಾರ್ನೂ ಕೂರಿಸ್ತಾರೆ" ಅಂದ್ರು. ಆಗ ನಂಗೆ ಅವಮಾನ ಆದಂಗೆ ಅನ್ನಿಸ್ತು. ಅವ್ರು ಹೇಳಿದ್ದು ಏನು ಅಂತ ಅರ್ಥ ಆಗಿದ್ದು ನಲವತ್ತು ವರ್ಷ ಆದ್ಮೇಲೆ, ನನ್ನ ಮಗಳ ಬಾಳು ನೋಡಿ.

ಇನ್ನೂ ಸತ್ಯ ಹೇಳ್ಬೇಕು ಅಂದ್ರೆ ಆ 48 ಗಂಟೇಲೂ ನಾವು ಪೂರ್ತಿ ಬೆವರು ಸುರಿಸಿದ್ವಿ ಅನ್ನೋಕಾಗಲ್ಲ. ಹತ್ತು ಗಂಟೆ ಟೀ ಅಂದ್ರೆ ಕ್ಯಾಂಟೀನಲ್ಲಿ ಇಪ್ಪತ್ತು ನಿಮಿಷ, ಚೀಟಿ ದುಡ್ಡು ವಸೂಲಿ, ಸೀರೆ ಕಂತಿನ ಲೆಕ್ಕ, ಕೆಲವರಂತೂ ಊಟದ ಟೈಮ್ ಮುಗಿದ ಮೇಲೂ ಸ್ವೆಟರ್ ಹೆಣೀತಿದ್ರು. (ಅದಕ್ಕೇ ಸರ್ಕಾರಿ ಫ್ಯಾಕ್ಟರಿಗಳು ಮುಚ್ಚಿದ್ದು ಅಂತ ಹೇಳೋರಿಗೆ ಒಂದು ಮಾತು, ಎಚ್‌ಎಂಟಿ ವಾಚು ಮುಳುಗಿದ್ದು ಹೆಂಗಸ್ರು ಸ್ವೆಟರ್ ಹೆಣೆದಿದ್ದಕ್ಕಲ್ಲ, ಪಕ್ಕದ ಹೊಸೂರಲ್ಲಿ ಟೈಟಾನ್‌ನವರು ಬ್ಯಾಟರಿ ವಾಚು ಮಾಡಿ ಗುಡ್ಡೆ ಹಾಕ್ತಿದ್ದಾಗ ಇವ್ರು ಕೀ ಕೊಡೋ ವಾಚನ್ನೇ ಹೆಚ್ಚು ನಂಬ್ಕೊಂಡು ಕೂತಿದ್ದಕ್ಕೆ. ಆ ತೀರ್ಮಾನ ಸೋಲ್ಡರಿಂಗ್ ಟೇಬಲ್ಲಿನ ಮೇಲೆ ಆಗೋದಲ್ಲ.)

ತಮಾಷೆ ಏನಂದ್ರೆ ನಮ್ಮನ್ನೂ ಸೋಂಬೇರಿಗಳು ಅಂದಿದ್ರು. ನಮ್ಮಪ್ಪ ಕುಣಿಗಲ್ ಕಡೆ ಬೇಸಾಯ ಮಾಡ್ಕೊಂಡಿದ್ದೋರು, ನಾನು ನಾಲ್ಕೂಕಾಲಿಗೆ ಕೆಲ್ಸ ಬಿಡ್ತೀನಿ ಅಂತ ಕೇಳಿ "ಕೂಗು ಹೊಡುದ್ರೆ ಬಿಟ್ಟು ಬರೋದೂ ಒಂದು ಗೇಯ್ಮೇನಾ, ಹೊಲ ಏನು ಕೂಗು ಹೊಡೀತದಾ" ಅಂತ ಊರಿಗೆಲ್ಲಾ ಹೇಳ್ಕೊಂಡು ನಗಾಡ್ತಿದ್ರು. ಆದ್ರೆ ಅದೇ ನಮ್ಮಪ್ಪ ಸೋಮವಾರ ಏನೇ ಆದ್ರೂ ಎತ್ತಿನ ಹೆಗಲಿಗೆ ನೊಗ ಇಡ್ತಿರಲಿಲ್ಲ. ಸೋಮವಾರ ಬಸವಣ್ಣನ ದಿನ. ಮಳೆ ಹದವಾಗಿದೆ, ಬಿತ್ತನೆ ಹಿಂದೆ ಬಿದ್ದಿದೆ, ಪಕ್ಕದ ಹೊಲದೋನು ಮುಗಿಸಿಬಿಟ್ಟ, ಊಹೂಂ, ಆ ದಿನ ನೇಗಿಲು ಕಟ್ಟಂಗಿಲ್ಲ. ಸುಗ್ಗಿ ಮುಗೀತು ಅಂದ್ರೆ ಹಬ್ಬ, ಜಾತ್ರೆ, ನೆಂಟರ ಮನೆ ಅಂತ ತಿಂಗಳುಗಟ್ಟಲೆ ತಿರುಗಾಟ. ಅವ್ರ ದುಡಿಮೆಗೂ ಒಂದು ಸೈರನ್ ಇತ್ತು, ಅವ್ರು ಅದನ್ನ ಹಂಗೆ ಕರೀತಿರಲಿಲ್ಲ ಅಷ್ಟೇ.

ನಮ್ಮ ಸೈರನ್ ಸುಮ್ಮನೆ ಬಂದಿದ್ದೂ ಅಲ್ಲ. ಕೆಲ್ಸಕ್ಕೆ ಸೇರಿ ಎರಡು ವರ್ಷ ಆಗಿರಲಿಲ್ಲ, 1980ರ ಡಿಸೆಂಬರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಸ್ಟ್ರೈಕ್ ಶುರುವಾಯ್ತು. ಐಟಿಐ, ಬಿಇಎಲ್, ಎಚ್‌ಎಎಲ್, ಎಚ್‌ಎಂಟಿ, ಬಿಇಎಂಎಲ್ ಎಲ್ಲಾ ಒಟ್ಟಿಗೆ, ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನವರಿಗೆ ಸಿಕ್ಕಿದ ಸಂಬಳ ನಮಗೂ ಬೇಕು ಅಂತ. 77 ದಿನ. ಸಂಬಳ ಇಲ್ಲ, ಅಂಗಡಿ ಶೆಟ್ರು ಸಾಲದ ಪುಸ್ತಕ ಮುಚ್ಚಿಬಿಟ್ರು, ನಮ್ಮತ್ತೆ ಬಳೆ ಅಡ ಇಟ್ರು. ಮಾರ್ಚಲ್ಲಿ ವಾಪಸ್ ಹೋದಾಗ ಕೇಳಿದ್ದೆಲ್ಲಾ ಸಿಕ್ಕಿರಲಿಲ್ಲ, ನಿಜ. ಆದ್ರೆ ಆ ಮೇಲೆ ನಮ್ಮನ್ನ ಸೈರನ್ ಆದ್ಮೇಲೆ ಬಿಟ್ಟಿ ಕೂರಿಸೋಕೆ ಯಾವ ಫೋರ್‌ಮನ್ನಿಗೂ ಧೈರ್ಯ ಬರಲಿಲ್ಲ. ಅದೇ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಶುರುವಾಯ್ತು, ಅದು ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷಕ್ಕೆ. ಬೆಂಗಳೂರಿನ ಒಂದು ಬಾಳು ಮುಗಿಯೋಕೆ ಬಂದಿತ್ತು, ಇನ್ನೊಂದು ಎಲ್ಲೋ ಹುಟ್ಟಿತ್ತು, ನಾವು ಕ್ಯಾಂಟೀನಲ್ಲಿ ಉಪ್ಪಿಟ್ಟು ತಿಂತಿದ್ವಿ.

ಈಗ ಆ ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರ ಮಾತಿಗೆ ಬರ್ತೀನಿ. 2023ರ ಅಕ್ಟೋಬರಲ್ಲಿ ಅವ್ರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು, ಯುದ್ಧ ಆದ್ಮೇಲೆ ಜಪಾನು ಜರ್ಮನಿಯವರು ಹಂಗೇ ಮೇಲೆ ಬಂದ್ರು ಅಂದ್ರು. ಅವ್ರ ಬಗ್ಗೆ ನಂಗೆ ಗೌರವ ಇದೆ, ಅವ್ರು ಸ್ವತಃ ಅದಕ್ಕಿಂತ ಜಾಸ್ತಿ ದುಡಿದೋರು ಅನ್ನೋದ್ರಲ್ಲೂ ಅನುಮಾನ ಇಲ್ಲ. ಆದ್ರೆ ತನ್ನ ಹೊಲ ತಾನು ಉಳೋನು ಬೆಳದಿಂಗಳಲ್ಲೂ ಉಳ್ತಾನೆ, ಕೂಲಿಗೆ ಬಂದೋನಿಗೆ ಅದೇ ಬೆಳದಿಂಗಳು ತೋರ್ಸಿದ್ರೆ ಹೆಂಗೆ? ಇದಾಗಿ 2025ರ ಜನವರೀಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆ ಅಂದ್ರು, ಭಾನುವಾರ ಮನೇಲಿ ಕೂತು ಎಷ್ಟೊತ್ತು ಹೆಂಡ್ತಿ ಮುಖ ನೋಡ್ತೀರಾ ಅಂತ ಕೇಳಿದ್ರು. ನಮ್ಮ ಯಜಮಾನ್ರು ಭಾನುವಾರ ನನ್ನ ಮುಖ ನೋಡ್ಕೊಂಡು ಕೂತಿದ್ದು ನಂಗಂತೂ ನೆನಪಿಲ್ಲ. ಸೀಮೆಎಣ್ಣೆ ಕ್ಯೂ, ರಾಗಿ ಮಿಲ್ಲು, ಮಗೂಗೆ ಕೂದ್ಲು ಕಟ್ಟಿಂಗು, ಅಷ್ಟೊತ್ತಿಗೆ ಭಾನುವಾರ ಮುಗಿದಿರೋದು.

ಮತ್ತೆ ಗಂಡಸ್ರು 70, 90 ಅಂತ ಹೇಳೋವಾಗ ಮನೇಲಿ ಅಕ್ಕಿ ತಾನಾಗೇ ಬೇಯುತ್ತೆ ಅನ್ಕೊಂಡಿರ್ತಾರೆ. ನಾನು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ರುಬ್ಬಿ, ಬೇಯಿಸಿ, ಮೂರು ಡಬ್ಬಿ ಕಟ್ಟಿ ಫ್ಯಾಕ್ಟರಿ ಬಸ್ಸಿಗೆ ಓಡ್ತಿದ್ದೆ, ಸಂಜೆ ಬಂದು ಮತ್ತೆ ಒಲೆ ಮುಂದೆ. ಕೇಂದ್ರ ಸರ್ಕಾರದ 2024ರ ಟೈಮ್ ಯೂಸ್ ಸರ್ವೆ ಪ್ರಕಾರ ಈಗ್ಲೂ ಮನೆಕೆಲ್ಸ ಮಾಡೋ ಹೆಂಗಸ್ರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಹಾಕ್ತಾರೆ, ಗಂಡಸ್ರು 88 ನಿಮಿಷ. 289ನ್ನ ಏಳರಿಂದ ಗುಣಿಸಿ, ವಾರಕ್ಕೆ ಹತ್ತಿರ ಹತ್ತಿರ 34 ಗಂಟೆ. ನನ್ನ 48ಕ್ಕೆ ಅದನ್ನ ಸೇರಿಸಿದ್ರೆ 82. ಅದಕ್ಕೆ ಯಾರೂ ದೇಶ ಕಟ್ಟೋ ಕೆಲ್ಸ ಅನ್ಲಿಲ್ಲ, ಸನ್ಮಾನಕ್ಕೂ ಕರೀಲಿಲ್ಲ.

ನನ್ನ ಮಗಳು ಐಟಿ ಕಂಪನೀಲಿದ್ದಾಳೆ, ಔಟರ್ ರಿಂಗ್ ರೋಡ್ ಕಡೆ. ಸಂಬಳ ನಾನು ಕನಸಲ್ಲೂ ನೋಡದಷ್ಟು, ಅದನ್ನ ಮುಚ್ಚಿಡಲ್ಲ. ಆದ್ರೆ ಅವ್ಳ ಕೆಲ್ಸ ಯಾವಾಗ ಶುರುವಾಗುತ್ತೆ ಯಾವಾಗ ಮುಗಿಯುತ್ತೆ ಅಂತ ಒಂದೇ ಮನೇಲಿರೋ ನಂಗೇ ಗೊತ್ತಾಗಲ್ಲ. ಬೆಳಗ್ಗೆ ಸ್ಟ್ಯಾಂಡಪ್ ಕಾಲ್ ಅಂತೆ, ಮಧ್ಯಾಹ್ನ ಇಲ್ಲಿಯವ್ರ ಮೀಟಿಂಗು, ರಾತ್ರಿ ಹತ್ತಕ್ಕೆ ಅಮೆರಿಕದವ್ರಿಗೆ ಬೆಳಗಾಗುತ್ತಲ್ಲ ಅವಾಗ ಇನ್ನೊಂದು, ಇದ್ರ ಮಧ್ಯೆ ತಿಂಗಳಿಗೊಂದು ವಾರ ಆನ್-ಕಾಲ್ ಅಂತ ಬಂದ್ರೆ ಸ್ನಾನಕ್ಕೆ ಹೋದ್ರೂ ಫೋನು ಬಾಗಿಲ ಹತ್ರ ಇಟ್ಕೊಂಡಿರ್ತಾಳೆ. ಹೋದ ವರ್ಷ ನೆಂಟರ ಮನೆ ನಾಮಕರಣ, ಛತ್ರದಲ್ಲಿ ಇವ್ಳು ಕಾಣ್ತಾ ಇಲ್ಲ ಅಂತ ಹುಡುಕ್ಕೊಂಡು ಹೋದ್ರೆ ಅಡುಗೆ ಭಟ್ರ ಹತ್ರ ಸಾರಿನ ಕೊಳಗದ ಪಕ್ಕ ಸ್ಟೂಲ್ ಹಾಕ್ಕೊಂಡು ರೇಷ್ಮೆ ಸೀರೆ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ಳು, ಅಲ್ಲಿ ಮಾತ್ರ ಸಿಗ್ನಲ್ ಸಿಗ್ತಿತ್ತಂತೆ. ಮಗೂಗೆ ಹೆಸರಿಡೋವಾಗ ಇವ್ಳು ಇರಲಿಲ್ಲ. ಮೊಮ್ಮಗ ಐದು ವರ್ಷದೋನು, ಅವ್ಳ ರೂಮಿಗೆ ಹೋಗೋ ಮುಂಚೆ ನನ್ನ ಕೇಳ್ತಾನೆ, "ಅಜ್ಜೀ, ಅಮ್ಮ ಮ್ಯೂಟಲ್ಲಿದ್ದಾಳಾ?"

ಬಿಟ್ಟುಬಿಡೇ ಅಂದ್ರೆ ಫ್ಲಾಟಿನ ಇಎಂಐ ಯಾರು ಕಟ್ತಾರಮ್ಮ ಅಂತಾಳೆ. ಜಾಸ್ತಿ ಆಯ್ತು ಅಂತ ಮ್ಯಾನೇಜರಿಗಾದ್ರೂ ಹೇಳು ಅಂದ್ರೆ ಮುಂದಿನ ಲೇಆಫ್ ಲಿಸ್ಟಲ್ಲಿ ನನ್ನ ಹೆಸರು ಮೊದಲಿರುತ್ತೆ ಅಂತಾಳೆ. ಅವ್ಳ ಪಕ್ಕ ಬಂದು "ಮನೆ ಇಲ್ವಾ ನಿಂಗೆ" ಅಂತ ಕೇಳೋರು ಯಾರೂ ಇಲ್ಲ. ನಮ್ಗೆ ಬೈಯೋಕೆ ಫೋರ್‌ಮನ್ ಇದ್ದ, ಅವ್ನಿಗೆ ಬೈಯೋಕೆ ಯೂನಿಯನ್ ಇತ್ತು. ಅವ್ಳಿಗೆ ಎರಡೂ ಇಲ್ಲ, ಕೆಲ್ಸದಲ್ಲಿದ್ದಾಳೆ ಅಂತ ಆಫೀಸಿನ ಚಾಟಲ್ಲಿ ತೋರಿಸೋ ಒಂದು ಹಸಿರು ಚುಕ್ಕೆ ಇದೆ, ಅದು ಹಳದಿ ಆದ್ರೆ ಎದೆ ಹೊಡ್ಕೊಳುತ್ತೆ.

ನಮ್ಮ ನಾದಿನಿ ಮಗ ಇದಕ್ಕೆ ತದ್ವಿರುದ್ಧ. ಇಪ್ಪತ್ನಾಲ್ಕು ವರ್ಷ, ಸಂಜೆ ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದ ಅಂದ್ರೆ ಬೆಳಗ್ಗೆವರೆಗೂ ಮುಟ್ಟಲ್ಲ. ಒಂದ್ಸಲ ಕೈಯಲ್ಲಿ ಇನ್ನೊಂದು ಕೆಲ್ಸ ಇಲ್ದೇನೇ ರಾಜೀನಾಮೆ ಕೊಟ್ಟು ಬಂದ, ನಾನೇ ಮೊದ್ಲು ಬೈದಿದ್ದು, ಏನೋ ಇದು ಹುಡುಗಾಟ, ಕಂಪನಿಗೆ ನಿಯತ್ತು ಬೇಡ್ವಾ ಅಂತ. ಅವ್ನು ಸಿಟ್ಟು ಮಾಡ್ಕೊಳ್ಳಿಲ್ಲ. "ಅತ್ತೆ, ನಿಮ್ಗೆ ಕಂಪನಿ ಮನೆ ಕೊಡ್ತು, ಆಸ್ಪತ್ರೆ ಕೊಡ್ತು, ಮಗೂನ ನೋಡ್ಕೊಳ್ಳೋಕೆ ಆಯಾನ್ನೂ ಇಟ್ಟಿತ್ತು, ಮೂವತ್ತೇಳು ವರ್ಷ ಬಿಡಲಿಲ್ಲ. ನನ್ನ ಟೀಮಲ್ಲಿ ಒಬ್ರನ್ನ ಹದಿನೈದು ನಿಮಿಷದ ಕಾಲ್‌ನಲ್ಲಿ ಕಳಿಸಿದ್ರು. ನಾನು ಯಾರಿಗೆ ನಿಯತ್ತು ತೋರಿಸ್ಲಿ?" ಅಂದ. ನನ್ನತ್ರ ಉತ್ತರ ಇರಲಿಲ್ಲ, ಕಾಫಿ ಕೊಟ್ಟೆ.

ಇನ್ನು "ಕಾಯಕವೇ ಕೈಲಾಸ" ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡ್ತಾರಲ್ಲ, ಅವ್ರಿಗೂ ಒಂದು ಮಾತಿದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ಕೊಂಡು ಬರೋ ಕಾಯಕದೋರು. ಒಂದಿನ ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದ್ರೆ ಅವ್ರ ಹೆಂಡ್ತಿ ಲಕ್ಕಮ್ಮ ಖುಷಿಪಡಲಿಲ್ಲ, "ಈಸಕ್ಕಿಯಾಸೆ ನಿಮಗೇಕೆ" ಅಂತ ಕೇಳಿ ವಾಪಸ್ ಸುರಿದು ಬನ್ನಿ ಅಂತ ಕಳಿಸಿದ್ರು. ಕಾಯಕ ಎಷ್ಟು ಮುಖ್ಯಾನೋ ಸಾಕು ಅನ್ನೋದೂ ಅಷ್ಟೇ ಮುಖ್ಯ ಅಂತ ಹನ್ನೆರಡನೇ ಶತಮಾನದಲ್ಲೇ ಒಬ್ಬ ಹೆಂಗಸು ಹೇಳಿಯಾಗಿದೆ. ಆ ಅರ್ಧವನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ನಮ್ಮ ರಾಜ್ಯ ಸರ್ಕಾರ ಇದ್ರಲ್ಲಿ ಯಾವ ಕಡೆ ಇದೆ ಅಂತ ಕೇಳ್ಬೇಕಾಗಿದೆ. 2023ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಅನ್ನೋದನ್ನ ಉಳಿಸ್ಕೊಂಡು ದಿನಕ್ಕೆ 12 ಗಂಟೆವರೆಗೆ ದುಡಿಸ್ಕೊಳ್ಳೋಕೆ ದಾರಿ ಮಾಡಿದ್ರು. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಅನ್ನೋ ಪ್ರಸ್ತಾವ ಎದ್ದಿತು, ಐಟಿ ನೌಕರರ ಸಂಘದವ್ರು ಬೀದಿಗಿಳಿದ್ರು. 2025ರ ಜೂನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೇಲಿ ಓವರ್‌ಟೈಮ್ ಸೇರಿ ದಿನಕ್ಕೆ 10 ಇದ್ದಿದ್ದನ್ನ 12 ಮಾಡೋ ಮಾತು ಬಂತು. ಒಂದ್ಸಲಾನಾದ್ರೂ ಕಮ್ಮಿ ಮಾಡೋ ಪ್ರಸ್ತಾವ ಬಂದಿದೆಯಾ? ಫ್ರಾನ್ಸಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲ್ಸದ ಟೈಮ್ ಆದ್ಮೇಲೆ ಆಫೀಸಿನ ಫೋನು ಎತ್ತದೇ ಇರೋದಕ್ಕೆ ಕಾನೂನಿನ ಬಲ ಇದೆ. ನಮ್ಮ ಲೋಕಸಭೇಲೂ ಮಹಾರಾಷ್ಟ್ರದ ಸಂಸದೆ ಸುಪ್ರಿಯಾ ಸುಳೆಯವ್ರು ಅಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ರು. ಐಟಿ ರಾಜಧಾನಿ ಅಂತ ಎದೆ ತಟ್ಕೊಳ್ಳೋ ಊರು ಇದನ್ನ ಮೊದ್ಲು ಮಾಡ್ಬೇಕಾಗಿತ್ತು. ನಾನು ದೊಡ್ಡ ಕಾನೂನು ಪಂಡಿತೆ ಅಲ್ಲ, ನಂಗೆ ಬೇಕಾಗಿರೋದು ಒಂದು ಸೈರನ್. ಕಿವಿಗೆ ಕೇಳೋದೇ ಆಗ್ಬೇಕು ಅಂತಿಲ್ಲ, ರಾತ್ರಿ ಎಂಟಾದ್ಮೇಲೆ ಬರೋ ಮೆಸೇಜಿಗೆ ಉತ್ತರ ಕೊಡದೇ ಇದ್ರೆ ಅವ್ಳ ಕೆಲ್ಸ ಹೋಗಲ್ಲ ಅನ್ನೋ ಒಂದು ಸಾಲು ಕಾಯ್ದೇಲಿ ಇದ್ರೆ ಸಾಕು.

ಇದನ್ನ ಮಗಳಿಗೆ ಓದಿ ಹೇಳಿದೆ. ಚೆನ್ನಾಗಿದೆ ಕಳ್ಸು ಅಂದ್ಳು, ಆಮೇಲೆ ಐದು ನಿಮಿಷ ಬಿಟ್ಟು ರೂಮಿಂದ ಆಚೆ ಬಂದು ಇನ್ನೊಂದು ಮಾತು ಹೇಳಿ ಹೋದ್ಳು. ಹಂಗಾಗಿ ಪತ್ರ ಹಾಕೋದಾದ್ರೆ ದಯವಿಟ್ಟು ನನ್ನ ಹೆಸರು ಹಾಕ್ಬೇಡಿ, ಅವ್ಳಿಗೆ ಮುಂದಿನ ತಿಂಗಳು ಅಪ್ರೈಸಲ್ ಇದೆ.

ಇಂತಿ,
ನಿವೃತ್ತ ಫ್ಯಾಕ್ಟರಿ ಕೆಲಸಗಾರ್ತಿ, ಬೆಂಗಳೂರು