ಅಮ್ಮಂಗೆ, ಕಾಲು ಜೋಮಿನ ವಿಷ್ಯ

ಅಮ್ಮ, ಚಪ್ಪಲಿ ಕಾಲಿಂದ ಜಾರಿ ಹೋದ್ರೂ ನಿಂಗೆ ಗೊತ್ತಾಗ್ತಿಲ್ವಂತೆ, ಬ್ಲೌಸ್ ಹುಕ್ ಹಾಕೋಕೂ ಪುಟ್ಟಿನೇ ಬೇಕಂತೆ, ಅವ್ಳೇ ಹೇಳಿದ್ಲು. ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂತೀಯ, ಅದಕ್ಕೇ ಬರೀತಿದೀನಿ, ಓದಿಸ್ಕೊ.

ಕೀಮೋ ಮುಗಿದ್ಮೇಲೆ ಜೋಮು ಜಾಸ್ತಿ ಆಯ್ತು ಅಂದ್ರೆ ಕಾಯಿಲೆ ವಾಪಸ್ ಬಂತು ಅಂತಲ್ಲ. ನಿಂಗೆ ಕೊಟ್ಟಿದ್ದು ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ, ನಿಲ್ಲಿಸಿ ಕೆಲವು ತಿಂಗಳಾದ್ರೂ ಅದ್ರ ಏಟು ಏರ್ತಾನೇ ಇರ್ಬೋದು. ಉದ್ದ ನರಕ್ಕೇ ಮೊದ್ಲು ಪೆಟ್ಟು, ಹಂಗಾಗಿ ಪಾದ, ಬೆರಳ ತುದಿ. ಡ್ರಿಪ್ ಹಾಕಿಸ್ಕೊಂಡ ವಾರ ತಣ್ಣೀರು ಮುಟ್ಟಿದ್ರೆ ಶಾಕ್ ಹೊಡೀತಿತ್ತಲ್ಲ, ಅದೂ ಇದ್ರದ್ದೇ. ಆದ್ರೂ ಡಾಕ್ಟ್ರಿಗೆ ಮುಚ್ಚಿಡ್ಬೇಡ, ಹೇಳು. ಡುಲೊಕ್ಸೆಟಿನ್ ಅಂತ ಮಾತ್ರೆ ಕೊಡ್ಬೋದು, ಅದು ನೋವಿಗೆ, ಮರಗಟ್ಟಿರೋ ಪಾದಕ್ಕೆ ಸ್ಪರ್ಶ ತರೋಕಲ್ಲ.

ಇಲ್ಲಿ ಜರ್ಮನಿಯ ಕಲೋನ್‌ನ ಸ್ಪೋರ್ಟ್ಸ್ ಯೂನಿವರ್ಸಿಟಿಯವ್ರು, ಸ್ವಿಟ್ಜರ್ಲೆಂಡಿನ ಬಾಸೆಲ್ ಯೂನಿವರ್ಸಿಟಿಯವ್ರು ಸೇರಿ 158 ಪೇಶೆಂಟ್‌ಗಳ ಮೇಲೆ ಮಾಡಿದ ಸ್ಟಡಿ 2024ರಲ್ಲಿ ಬಂತು. ಕೀಮೋ ನಡೀವಾಗ್ಲೇ ವಾರಕ್ಕೆರಡು ಸಲ ಬ್ಯಾಲೆನ್ಸ್ ಎಕ್ಸರ್ಸೈಸ್ ಮಾಡಿದವ್ರಲ್ಲಿ 100ಕ್ಕೆ 30 ಜನಕ್ಕೆ ನರದ ತೊಂದ್ರೆ, ಮಾಡದೆ ಇದ್ದವ್ರಲ್ಲಿ 70ರ ಹತ್ರ. ನಿನ್ ಕೀಮೋ ಆಗೋಗಿದೆ, ಆ ಲೆಕ್ಕ ನಿಂಗೆ ಹಂಗೇ ಹೊಂದಲ್ಲ, ಆದ್ರೂ ಬೀಳೋದಾದ್ರೂ ತಪ್ಪುತ್ತೆ ಅನ್ನೋದು ನನ್ ಆಸೆ. ಚಿಕ್ಕಪ್ಪ ಹೇಳ್ತಿರೋ ವೈಬ್ರೇಷನ್ ಮಷೀನ್ ಬೇಡ್ವೇ ಬೇಡ, ಅದೇ ಸ್ಟಡೀಲಿ ವೈಬ್ರೇಷನ್ ಮಷೀನ್ ಮೇಲೆ ನಿಂತವ್ರಲ್ಲಿ 100ಕ್ಕೆ 41 ಜನಕ್ಕೆ ತೊಂದ್ರೆ, ಮಷೀನಿಲ್ಲದ ಬ್ಯಾಲೆನ್ಸ್ ಎಕ್ಸರ್ಸೈಸೇ ಅದಕ್ಕಿಂತ ಚೆನ್ನಾಗಿತ್ತು. ಆ ದುಡ್ಡಲ್ಲಿ ತೋಟಕ್ಕೆ ಪೈಪ್ ಹಾಕ್ಸಿ.

ತುಮಕೂರಲ್ಲಿ ಫಿಸಿಯೋ ಹತ್ರ ಒಂದ್ಸಲ ತೋರಿಸ್ಕೊಂಡೇ ಶುರು ಮಾಡು. ಅಡುಗೆ ಕಟ್ಟೆ ಹಿಡ್ಕೊಂಡು ಒಂದೇ ಕಾಲಲ್ಲಿ 20 ಸೆಕೆಂಡ್, ಸುಸ್ತಾದ್ರೆ ಕೂತ್ಕೊ, ಆಮೇಲೆ ಇನ್ನೊಂದು ಕಾಲು. ಸಲೀಸಾದ್ರೆ ಒಂದೇ ಬೆರಳಿಟ್ಕೊಂಡು, ಅದೂ ಸಲೀಸಾದ್ರೆ ಕಂಬಳಿ ಮಡಚಿ ಅದ್ರ ಮೇಲೆ. ಕಾಲು ಅಲ್ಲಾಡ್ಬೇಕು, ಅಲ್ಲಾಡಿದ್ರೇನೇ ನರಕ್ಕೂ ಮಾಂಸಕ್ಕೂ ಕೆಲ್ಸ. ಪುಟ್ಟಿ ಪಕ್ಕದಲ್ಲಿರ್ಲಿ, ಇಲ್ಲ ಅಂದ್ರೆ ಅಪ್ಪ, ತಿಪಟೂರು ಮಾರ್ಕೆಟ್ಟಲ್ಲಿ ಕೊಬ್ಬರಿ ರೇಟ್ ಆಮೇಲೂ ವಿಚಾರಿಸ್ಬೋದು.

ಹಂಡೆ ನೀರನ್ನ ಪಾದದಿಂದ ನೋಡ್ಬೇಡ, ಮೊಣಕೈ ಅದ್ದಿ ನೋಡು. ತೋಟಕ್ಕೆ ಬರಿಗಾಲಲ್ಲಿ ಹೋಗ್ಬೇಡ, ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಹಿಂದೆ ಬೆಲ್ಟ್ ಇರೋ ಚಪ್ಪಲಿ ತರ್ಸು, ರಾತ್ರಿ ಮಲ್ಗೋಕೆ ಮುಂಚೆ ಅಂಗಾಲು ಪುಟ್ಟಿಗೆ ತೋರ್ಸು.

ಭಾನುವಾರ ವಿಡಿಯೋ ಕಾಲಲ್ಲಿ ಮುಖ ಬೇಡ, ಕ್ಯಾಮರಾ ಕಾಲ ಕಡೆ ಹಿಡೀರಿ, ನಿಂತು ತೋರಿಸ್ಬೇಕು.

ನಿನ್ ಮಗ