ತಕ್ಕಡಿ ಹಿಡಿದವರ ಮನೆಯಿಂದ

ಅಸನ್, ಕಠ್ಮಂಡು

ತೀರ್ಥರೂಪು ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಆಯಿಯ ಮಂಡಿನೋವು ಕಡಿಮೆಯಾಗಿದೆಯೆಂದು ನಂಬಿದ್ದೇನೆ.

ನಮ್ಮ ಬಾಡಿಗೆ ಮನೆಯ ಯಜಮಾನರು ‘ತುಲಾಧರ್’ ಎಂದರೆ ಯಾವ ಕಡೆಯವರು ಎಂದು ನೀವು ಫೋನಿನಲ್ಲಿ ಕೇಳಿದ್ದಿರಿ; ಗಡಿಬಿಡಿಯಲ್ಲಿ ಹೇಳಿ ಮುಗಿಸುವ ಮಾತು ಅದಲ್ಲವೆಂದು ಪತ್ರಕ್ಕೆ ಉಳಿಸಿಕೊಂಡೆ. ಅರ್ಥವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತುಲೆಯೆಂದರೆ ತಕ್ಕಡಿ, ಅದನ್ನು ಹಿಡಿದವನು ತುಲಾಧರ. ಇವರು ಕಠ್ಮಂಡು ಕಣಿವೆಯ ಮೂಲ ಜನರಾದ ನೇವಾರರಲ್ಲಿ ಉರಾಯ್ ಎಂಬ ಬೌದ್ಧ ಸಮುದಾಯಕ್ಕೆ ಸೇರಿದವರು. ಅದೇ ಸಮುದಾಯದಲ್ಲಿ ಕಂಚಿನ ಕೆಲಸದವರು ಕಂಸಕಾರ್, ತಾಮ್ರದವರು ತಾಮ್ರಕಾರ್. ನಮ್ಮಲ್ಲಿ ಕಂಚುಗಾರ, ಬಡಿಗೇರ ಎನ್ನುವಂತೆ ಇಲ್ಲಿಯೂ ಕಸುಬೇ ಮನೆತನದ ಹೆಸರಾಗಿ ನಿಂತಿದೆ.

ಇವರ ತಕ್ಕಡಿ ಈ ಪೇಟೆಯಲ್ಲಷ್ಟೇ ತೂಗಿದ್ದಲ್ಲ. ಹಿಮಾಲಯ ದಾಟಿ ಟಿಬೆಟಿನ ಲ್ಹಾಸಾದಲ್ಲಿ ಅಂಗಡಿಯಿಟ್ಟು, ಇಲ್ಲಿಂದ ಬಟ್ಟೆಬರೆ ಒಯ್ದು ಅಲ್ಲಿಂದ ಉಣ್ಣೆ, ಕಸ್ತೂರಿ ತರುತ್ತಿದ್ದ ನೇವಾರ ವ್ಯಾಪಾರಿಗಳಲ್ಲಿ ತುಲಾಧರರು ಹೆಸರಾದವರು. ಹೋದವರು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. 1962ರ ಭಾರತ–ಚೀನಾ ಯುದ್ಧದೊಂದಿಗೆ ಪಶ್ಚಿಮ ಬಂಗಾಳದ ಕಾಲಿಂಪಾಂಗಿನ ಮೂಲಕ ಹೋಗುತ್ತಿದ್ದ ದಾರಿ ಮುಚ್ಚಿ, ಆ ವ್ಯಾಪಾರ ನಿಂತೇಹೋಯಿತು.

ಆದರೂ ಕೆಳಗಿನ ಅಂಗಡಿಯ ತೊಲೆಗೆ ಹಳೆಯ ಹಿತ್ತಾಳೆಯ ತಕ್ಕಡಿಯೊಂದು ಇಂದಿಗೂ ತೂಗುತ್ತಿದೆ. ಮನೆಯ ಅಜ್ಜಿ ದಿನವೂ ಬೆಳಿಗ್ಗೆ ಅದರ ಎರಡೂ ತಟ್ಟೆಗಳನ್ನು ಸೆರಗಿನಿಂದ ಒರೆಸಿ, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಕಾಯುತ್ತಾರೆ. ಮೊದಲ ಸಲ ಅದನ್ನು ಕಂಡಾಗ ನನ್ನ ಕಣ್ಣು ತುಂಬಿತು. ಬೇಳೆ ಸುರಿಯುವ ಮುನ್ನ ಬರಿದಾದ ತಕ್ಕಡಿಯನ್ನು ಎತ್ತಿ ಗಿರಾಕಿಗೆ ತೋರಿಸುತ್ತಿದ್ದ ನಿಮ್ಮ ಕೈಯೇ ನೆನಪಾಯಿತು.

ಮಹಾಭಾರತದ ಶಾಂತಿಪರ್ವದಲ್ಲಿ, ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿದರೂ ಅಲುಗಾಡದೆ ನಿಂತ ತಪಸ್ವಿ ಜಾಜಲಿಗೆ ಧರ್ಮ ಹೇಳಿದ ಕಾಶಿಯ ವ್ಯಾಪಾರಿಯ ಹೆಸರೂ ತುಲಾಧಾರನೆಂದೇ ಅಲ್ಲವೇ? ಈ ಮನೆತನದ ಹೆಸರು ಆ ಕಥೆಯಿಂದ ಬಂದದ್ದೆಂದು ನಾನು ಹೇಳುತ್ತಿಲ್ಲ. ಆದರೆ ‘ನನ್ನ ತಕ್ಕಡಿ ಎಲ್ಲ ಜೀವಿಗಳಿಗೂ ಸಮ’ ಎಂದ ಅವನ ಮಾತನ್ನು ಅಜ್ಜಿಗೆ ಹೇಳಿದಾಗ, ಅವರು ಬಹಳ ಹೊತ್ತು ಸುಮ್ಮನಿದ್ದು, ನಿಮ್ಮ ತಂದೆಯ ತಕ್ಕಡಿ ಈಗ ಎಲ್ಲಿದೆ ಎಂದು ಕೇಳಿದರು. ಅಟ್ಟದ ಮೇಲಿದೆ ಎಂದೆ. ದಯವಿಟ್ಟು ತಮ್ಮನಿಂದ ಅದನ್ನು ಇಳಿಸಿ, ಒರೆಸಿ, ಒಂದು ಫೋಟೊ ತೆಗೆಸಿ ಕಳುಹಿಸಿ. ಅಜ್ಜಿಗೆ ತೋರಿಸುವೆನೆಂದು ಮಾತು ಕೊಟ್ಟಿದ್ದೇನೆ.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಮಗ